ತೊಳೆದ ಮೇಲೆ ಉಳಿದಿದ್ದೆಷ್ಟು: ಮೆಂಬ್ರೇನ್ ಫೌಲಿಂಗ್ ಅಳೆದ ಅನುಭವ

ನಮ್ಮ ಮುಂದಿದ್ದ ಪ್ರಶ್ನೆ ಕೇಳೋಕೆ ಸುಲಭವಾಗಿತ್ತು. ನೀರಿನ ಮೂಲ ಒಂದೇ. ಮಳೆ ಬಿದ್ದಾಗ ಅದು ಕೆಸರಾಗುತ್ತದೆ. ಬಿಸಿಲು ಜೋರಾದಾಗ ಕೆಸರು ತಳ ಸೇರಿ ನೀರು ತಿಳಿಯಾಗುತ್ತದೆ, ಆದರೆ ಪಾಚಿ ಬೆಳೆಯುತ್ತದೆ. ಈ ನೀರನ್ನು ಮೊದಲು ಅಲ್ಟ್ರಾಫಿಲ್ಟ್ರೇಷನ್ (ಯುಎಫ್) ಮೆಂಬ್ರೇನ್, ಅಂದರೆ ತುಂಬಾ ಸಣ್ಣ ರಂಧ್ರಗಳ ಪಾಲಿಮರ್ ಹಾಳೆಯ ಮೂಲಕ ಹಾಯಿಸಿ, ಆಮೇಲೆ ಉಪ್ಪು ತೆಗೆಯುವ ಆರ್‌ಒಗೆ (ರಿವರ್ಸ್ ಆಸ್ಮೋಸಿಸ್) ಕೊಡಬೇಕು. ಮೆಂಬ್ರೇನ್‌ಗೆ ಹೀಗೆ ಕೊಳೆ ಕಟ್ಟಿಕೊಳ್ಳೋದಕ್ಕೆ ಫೌಲಿಂಗ್ ಅನ್ನುತ್ತಾರೆ. ಎರಡರಲ್ಲಿ ಯಾವ ನೀರು ಯುಎಫ್ ಮೆಂಬ್ರೇನನ್ನು ಜಾಸ್ತಿ ಕೆಡಿಸುತ್ತದೆ, ಅಳೆದು ಹೇಳಿ ಅಂದರು.

ಕೆಸರು ನೀರೇ ಅಂತ ಎಲ್ಲರೂ ಮನಸ್ಸಲ್ಲೇ ತೀರ್ಮಾನ ಮಾಡಿಕೊಂಡಿದ್ದರು. ಕಣ್ಣಿಗೆ ಕಾಣುತ್ತಿತ್ತು ಅಲ್ವಾ?

ಇಂಥ ಕೆಲಸಕ್ಕೆ ಕೈ ಹಾಕಿದ ಕೂಡಲೇ ಯಾರಾದರೂ "ಎಸ್‌ಡಿಐ ತೆಗೆದು ನೋಡಿ, ಮುಗೀತು" ಅನ್ನುತ್ತಾರೆ. ಸಿಲ್ಟ್ ಡೆನ್ಸಿಟಿ ಇಂಡೆಕ್ಸ್. ಆರ್‌ಒ ಜಗತ್ತಿನಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರುವ ಅಂಕಿ ಅದು. ಎಎಸ್‌ಟಿಎಂ ಡಿ4189 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ವಿಧಾನ ಬರೆದಿದೆ. 47 ಮಿ.ಮೀ. ಅಗಲದ, 0.45 ಮೈಕ್ರಾನ್ ರಂಧ್ರದ ಒಂದು ದುಂಡು ಫಿಲ್ಟರ್. ಅದರ ಮೇಲೆ 30 ಪಿಎಸ್‌ಐ, ಅಂದರೆ ಸುಮಾರು 2 ಬಾರ್ ಒತ್ತಡದಲ್ಲಿ ನೀರು ಬಿಡೋದು. ಮೊದಲ 500 ಮಿಲಿ ತುಂಬಲು ಎಷ್ಟು ಸೆಕೆಂಡ್ ಆಯಿತು ಅಂತ ಬರೆದುಕೊಳ್ಳೋದು. ನೀರನ್ನು ನಿಲ್ಲಿಸದೆ 15 ನಿಮಿಷ ಬಿಟ್ಟು ಇನ್ನೊಂದು 500 ಮಿಲಿ ಹಿಡಿಯೋದು. ಮೊದಲ ಸಮಯವನ್ನು ಎರಡನೆಯದರಿಂದ ಭಾಗಿಸಿ, 1ರಿಂದ ಕಳೆದು, 100ರಿಂದ ಗುಣಿಸಿ, 15ರಿಂದ ಭಾಗಿಸಿದರೆ ಎಸ್‌ಡಿಐ ಬಂತು. ಮೊದಲು 28 ಸೆಕೆಂಡ್, ಆಮೇಲೆ 56 ಸೆಕೆಂಡ್ ಆದರೆ 3.3. ಆರ್‌ಒ ಮೆಂಬ್ರೇನ್ ತಯಾರಿಸುವವರು ಸಾಮಾನ್ಯವಾಗಿ 5ಕ್ಕಿಂತ ಕಡಿಮೆ ಇರಲೇಬೇಕು, 3ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಅನ್ನುತ್ತಾರೆ.

ಉಪಕರಣ ಸರಳ. ಆದರೆ ಕೈ ಪಳಗಬೇಕು. ಹಲವು ಡಬ್ಬಿಗಳಲ್ಲಿ ಫಿಲ್ಟರ್‌ಗಳ ಮಧ್ಯೆ ನೀಲಿ ಕಾಗದ ಇಟ್ಟಿರುತ್ತಾರೆ, ಬಿಳಿಯದ್ದು ಫಿಲ್ಟರ್, ನೀಲಿಯದ್ದು ಬರೀ ಕಾಗದ, ಇದು ಹೊಸಬರಿಗೆ ಹೇಳಿಕೊಡಬೇಕಾದ ಮೊದಲ ಪಾಠ. ಫಿಲ್ಟರನ್ನು ಬೆರಳಲ್ಲಿ ಮುಟ್ಟಬಾರದು, ಚಪ್ಪಟೆ ಮೂತಿಯ ಚಿಮಟದಲ್ಲಿ ಅಂಚು ಹಿಡಿಯಬೇಕು. ಹೋಲ್ಡರ್‌ನಲ್ಲಿ ಕೂರಿಸಿದ ಮೇಲೆ ಅದರ ಮೇಲೆ ನೀರು ತುಂಬಿ, ಗಾಳಿ ಬಿಡುವ ತಿರುಪು ಸಡಿಲಿಸಿ, ಗುಳ್ಳೆ ಪೂರ್ತಿ ಹೋಗೋವರೆಗೂ ಕಾಯಬೇಕು. ಒಂದು ಗುಳ್ಳೆ ಫಿಲ್ಟರ್ ಮೇಲೆ ಕೂತರೆ ಅಷ್ಟು ಜಾಗದಲ್ಲಿ ನೀರು ಹೋಗಲ್ಲ. ಮೊದಲ ಸಮಯವೇ ಜಾಸ್ತಿ ಬರುತ್ತದೆ, ಲೆಕ್ಕದಲ್ಲಿ ಎಸ್‌ಡಿಐ ಸುಳ್ಳು ಸುಳ್ಳೇ ಚೆನ್ನಾಗಿ ಕಾಣುತ್ತದೆ.

ನಾವು ಮರಳು ಫಿಲ್ಟರ್ ದಾಟಿದ ನೀರಿನಲ್ಲಿ ಎಸ್‌ಡಿಐ ತೆಗೆದೆವು. ಕಚ್ಚಾ ಕೆಸರು ನೀರನ್ನು ನೇರವಾಗಿ ಹಾಕಿದರೆ 15 ನಿಮಿಷ ಆಗುವ ಮೊದಲೇ ಫಿಲ್ಟರ್ ಕಟ್ಟಿಕೊಂಡು ಕೂರುತ್ತದೆ, ಅದಕ್ಕೆ. ಕೆಸರಿನ ಕಾಲದ ನೀರು, ಪಾಚಿ ಕಾಲದ ನೀರು, ಎರಡಕ್ಕೂ ಅಂಕಿ ಹತ್ತಿರ ಹತ್ತಿರ ಬಂತು. ಎರಡೂ 4ರಿಂದ 5ರ ಮಧ್ಯೆ. ಅಂದರೆ ಏನೂ ತಿಳಿಯಲಿಲ್ಲ.

ಎಸ್‌ಡಿಐ ಸೂತ್ರವನ್ನೇ ಸ್ವಲ್ಪ ಹೊತ್ತು ನೋಡಿದರೆ ಕಾರಣ ಗೊತ್ತಾಗುತ್ತದೆ. ಎರಡನೇ ಸಮಯ ಅನಂತ ಆದರೂ ಅಂಕಿ 6.67 ದಾಟಲ್ಲ. ಸಮಯ 2 ಪಟ್ಟಾದರೆ 3.3, 4 ಪಟ್ಟಾದರೆ 5. ಮೇಲಕ್ಕೆ ಹೋದಷ್ಟೂ ಅಂಕಿಗಳು ಒಂದರ ಮೇಲೊಂದು ಇಕ್ಕಟ್ಟಾಗುತ್ತವೆ. ಕಣಗಳು ಎರಡು ಪಟ್ಟಾದರೆ ಎಸ್‌ಡಿಐ ಎರಡು ಪಟ್ಟಾಗಲ್ಲ. ನೀರಿನ ಬಿಸಿಗೆ ತಿದ್ದುಪಡಿಯೂ ಇಲ್ಲ. 0.45 ಮೈಕ್ರಾನ್‌ಗಿಂತ ಸಣ್ಣದ್ದು ಸುಮ್ನೆ ದಾಟಿ ಹೋಗುತ್ತದೆ, ಆದರೆ ಯುಎಫ್ ರಂಧ್ರ ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು, ನಮಗೆ ತೊಂದರೆ ಕೊಡೋದು ಆ ಸಣ್ಣದ್ದೇ. ಆರ್‌ಒಗೆ ಹೋಗುವ ನೀರು ಇವತ್ತು ನಿನ್ನೆಯ ಹಾಗೇ ಇದೆಯಾ ಅಂತ ನೋಡೋಕೆ ಎಸ್‌ಡಿಐ ಸಾಕು. ಎರಡು ನೀರನ್ನು ತೂಗಿ ನೋಡೋಕೆ ಸಾಲದು.

ಹಾಗಂತ ಆ ಫಿಲ್ಟರ್‌ಗಳನ್ನು ಎಸೆಯಬೇಡಿ. ನನಗೆ ಎಸ್‌ಡಿಐ ಅಂಕಿಗಿಂತ ಫಿಲ್ಟರ್ ಮೇಲೆ ಬಿದ್ದ ಕಲೆಯೇ ಜಾಸ್ತಿ ಮಾತಾಡಿದೆ. ಒಣಗಿಸಿ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು ನೋಡಿ. ತುಕ್ಕಿನ ಕೆಂಪು ಇದ್ದರೆ ಕಬ್ಬಿಣ, ಕಪ್ಪಿದ್ದರೆ ಮ್ಯಾಂಗನೀಸ್ ಅಥವಾ ಕಾರ್ಬನ್ ಫಿಲ್ಟರ್‌ನಿಂದ ಬಂದ ಪುಡಿ, ಹಸಿರು ಹಳದಿ ಇದ್ದರೆ ಪಾಚಿ. ಅನುಮಾನ ಇದ್ದರೆ ಒಂದು ಹನಿ ಆಸಿಡ್ ಹಾಕಿ ನೋಡಬಹುದು, ನೊರೆ ಬಂದರೆ ಕಾರ್ಬೊನೇಟ್, ಕೆಂಪು ಕರಗಿ ಹೋದರೆ ಕಬ್ಬಿಣ. ನಮ್ಮ ಎರಡು ನೀರಿನ ಫಿಲ್ಟರ್‌ಗಳನ್ನು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತಿತ್ತು. ಕೆಸರಿನದ್ದು ಕಂದು ಪುಡಿ, ಒಣಗಿದ ಮೇಲೆ ಬಿರುಕು ಬಿಟ್ಟು ಉದುರುತ್ತಿತ್ತು. ಪಾಚಿ ನೀರಿನದ್ದು ತೆಳು, ಹೆಚ್ಚು ಕಡಿಮೆ ಬಣ್ಣವೇ ಇಲ್ಲ, ಆದರೆ ಒದ್ದೆ ಇರುವಾಗ ಚಿಮಟದ ತುದಿ ಎಳೆದರೆ ಲೋಳೆಯ ಹಾಗೆ ಜಾರುತ್ತಿತ್ತು.

ಎಸ್‌ಡಿಐಗಿಂತ ಒಂದು ಮೆಟ್ಟಿಲು ಮೇಲೆ ಇರೋದು ಎಂಎಫ್‌ಐ, ಮಾಡಿಫೈಡ್ ಫೌಲಿಂಗ್ ಇಂಡೆಕ್ಸ್. ಶಿಪ್ಪರ್ಸ್ ಮತ್ತು ವೆರ್ಡೌ 1980ರಲ್ಲಿ ಕೊಟ್ಟಿದ್ದು. ಉಪಕರಣ ಹೆಚ್ಚು ಕಡಿಮೆ ಅದೇ. ಎರಡು ಸಮಯದ ಬದಲು ಉದ್ದಕ್ಕೂ ಸಮಯ ಮತ್ತು ಪ್ರಮಾಣ ಬರೆದುಕೊಂಡು, ಸಮಯವನ್ನು ಪ್ರಮಾಣದಿಂದ ಭಾಗಿಸಿದ್ದನ್ನು ಪ್ರಮಾಣದ ಎದುರು ಗ್ರಾಫ್ ಹಾಕಬೇಕು. ಮೊದಲು ಸ್ವಲ್ಪ ಡೊಂಕು, ಅಲ್ಲಿ ರಂಧ್ರ ಮುಚ್ಚುತ್ತಿರುತ್ತವೆ. ಆಮೇಲೆ ನೇರ ಗೆರೆ, ಅಲ್ಲಿ ಫಿಲ್ಟರ್ ಮೇಲೆ ಪದರ ಕಟ್ಟುತ್ತಿರುತ್ತದೆ. ಕೊನೆಗೆ ಮತ್ತೆ ಮೇಲಕ್ಕೆ ಬಾಗುತ್ತದೆ, ಆ ಪದರವೇ ಒತ್ತಿಕೊಂಡು ಬಿಗಿಯಾದಾಗ. ನಡುವಿನ ನೇರ ಗೆರೆಯ ಇಳಿಜಾರೇ ಎಂಎಫ್‌ಐ. ಇದನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಮತ್ತು ಸುಮಾರು 2 ಬಾರ್‌ಗೆ ತಿದ್ದಿ ಹೇಳುತ್ತಾರೆ. ಕಣ ಎರಡು ಪಟ್ಟಾದರೆ ಇದೂ ಎರಡು ಪಟ್ಟಾಗುತ್ತದೆ, ಅದೇ ಇದರ ದೊಡ್ಡ ಲಾಭ. 0.45 ಮೈಕ್ರಾನ್ ಬದಲು ಯುಎಫ್ ಮೆಂಬ್ರೇನನ್ನೇ ಹಾಕಿ ಮಾಡುವ ಬಗೆಯೂ ಇದೆ, ಎಂಎಫ್‌ಐ-ಯುಎಫ್ ಅಂತ. ಆದರೆ ಇದೆಲ್ಲ ನೀರಿನ ಗುಣ ಹೇಳುತ್ತದೆ. ಈ ನೀರು ಈ ಮೆಂಬ್ರೇನ್ ಮೇಲೆ ಏನು ಮಾಡುತ್ತದೆ, ತೊಳೆದರೆ ಹೋಗುತ್ತದಾ, ಅದನ್ನು ಹೇಳಲ್ಲ. ಅದಕ್ಕೆ ಮೆಂಬ್ರೇನನ್ನೇ ತಂದು ಕೂರಿಸಬೇಕಾಯಿತು.

ಲ್ಯಾಬಿನಲ್ಲಿ ಇದ್ದದ್ದು ಒಂದು ಡೆಡ್-ಎಂಡ್ ಸೆಲ್. ಲೋಟದಂಥ ಪಾತ್ರೆ, ತಳದಲ್ಲಿ ಮೆಂಬ್ರೇನ್ ತುಂಡು, ಮೇಲಿಂದ ನೈಟ್ರೋಜನ್ ಒತ್ತಡ, ಮೆಂಬ್ರೇನ್ ದಾಟಿ ಕೆಳಗಿಂದ ಬರುವ ನೀರು (ಪರ್ಮಿಯೇಟ್) ಒಂದು ಬೀಕರ್‌ಗೆ, ಬೀಕರ್ ತಕ್ಕಡಿ ಮೇಲೆ, ತಕ್ಕಡಿಯಿಂದ ಕಂಪ್ಯೂಟರ್‌ಗೆ ತಂತಿ. ತುಂಡಿನ ವಿಸ್ತೀರ್ಣ ಸುಮಾರು 40 ಚದರ ಸೆಂ.ಮೀ. ಅಂದುಕೊಳ್ಳಿ. ಫ್ಲಕ್ಸ್ ಅಂದರೆ ಒಂದು ಚದರ ಮೀಟರ್ ಮೆಂಬ್ರೇನ್‌ನಿಂದ ಗಂಟೆಗೆ ಬರುವ ಲೀಟರ್‌ಗಳು, ಬಾಯಲ್ಲಿ ಎಲ್‌ಎಂಎಚ್. 200 ಎಲ್‌ಎಂಎಚ್ ಅಂದರೆ ಈ ತುಂಡಿನಿಂದ ನಿಮಿಷಕ್ಕೆ 13 ಗ್ರಾಂ ಚಿಲ್ಲರೆ ನೀರು.

ಹೊಸ ಯುಎಫ್ ತುಂಡನ್ನು ಹಾಗೇ ತೆಗೆದು ಹಾಕಿದರೆ ಬರುವ ಅಂಕಿಗೆ ಅರ್ಥವಿಲ್ಲ. ಒಣಗಿಸಿ ಕೊಡುವ ಹಾಳೆಗಳ ರಂಧ್ರದಲ್ಲಿ ಗ್ಲಿಸರಿನ್ ತುಂಬಿರುತ್ತಾರೆ, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ನೀರು ಬದಲಾಯಿಸುತ್ತಾ ಅದನ್ನು ತೆಗೆಯಬೇಕು. ಆಮೇಲೆ ಶುದ್ಧ ನೀರನ್ನು ಪ್ರಯೋಗದ ಒತ್ತಡಕ್ಕಿಂತ ಜಾಸ್ತಿ ಒತ್ತಡದಲ್ಲಿ ಹಾಯಿಸುತ್ತಾ ಕೂರಬೇಕು. ಮೆಂಬ್ರೇನ್ ಪಾಲಿಮರ್ ಅಲ್ವಾ, ಒತ್ತಡಕ್ಕೆ ಅಮುಕಿಕೊಳ್ಳುತ್ತದೆ. ಶುದ್ಧ ನೀರಲ್ಲೇ ಫ್ಲಕ್ಸ್ ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅದು ನಿಲ್ಲುವ ಮೊದಲೇ ಕೊಳೆ ನೀರು ಹಾಕಿದರೆ ಮೆಂಬ್ರೇನ್ ಅಮುಕಿಕೊಂಡಿದ್ದೂ ಫೌಲಿಂಗ್ ಲೆಕ್ಕಕ್ಕೇ ಸೇರಿಕೊಳ್ಳುತ್ತದೆ. ಬೇಜಾರಿನ ಕೆಲಸ ಇದು. ಆದರೆ ಪ್ರಯೋಗದ ಅರ್ಧ ಜೀವ ಇಲ್ಲೇ ಇದೆ. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ತುಂಡುಗಳ ಶುದ್ಧ ನೀರಿನ ಫ್ಲಕ್ಸ್ ಕೂಡ ಒಂದೇ ಇರಲ್ಲ, ಹಾಗಾಗಿ ಪ್ರತಿ ತುಂಡನ್ನೂ ಅದರ ಸ್ವಂತ ಆರಂಭದ ಜೊತೆಗೇ ಹೋಲಿಸಬೇಕು.

ತಕ್ಕಡಿಯದ್ದೂ ಒಂದು ಕಥೆ ಇದೆ. ಸೆಕೆಂಡಿಗೊಮ್ಮೆ ತೂಕ ದಾಖಲಿಸಿದರೆ ಗ್ರಾಫ್ ನುಣುಪಾಗಿ ಬರುತ್ತದೆ ಅಂದುಕೊಳ್ಳುತ್ತೇವೆ. ಆಗೋದು ಉಲ್ಟಾ. ಫ್ಲಕ್ಸ್ 60ಕ್ಕೆ ಇಳಿದಾಗ ಸೆಕೆಂಡಿಗೆ ಬರೋದು 0.07 ಗ್ರಾಂಗಿಂತ ಕಡಿಮೆ, ಹೆಚ್ಚು ಕಡಿಮೆ ಒಂದು ಹನಿ. ಒಂದು ಸೆಕೆಂಡಲ್ಲಿ ಒಂದು ಹನಿ ಬಿತ್ತು, ಮುಂದಿನದರಲ್ಲಿ ಎರಡು ಬಿದ್ದವು, ಫ್ಲಕ್ಸ್ ಎರಡು ಪಟ್ಟಾಯಿತು ಅಂತ ಕಂಪ್ಯೂಟರ್ ಹೇಳುತ್ತದೆ. ನಿಮಿಷದ ಸರಾಸರಿ ತೆಗೆದರೆ ಇದೆಲ್ಲ ಅಡಗುತ್ತದೆ. ಕೊಳವೆಯ ತುದಿ ಬೀಕರ್ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಬೇಕು, ತಾಗಿದರೆ ತೂಕ ಅದನ್ನೂ ಹೊರುತ್ತದೆ. ಮೇಲೆ ಒಂದು ಮುಚ್ಚಳ ಇರಲಿ, ಇಲ್ಲದಿದ್ದರೆ ದೀರ್ಘ ಪ್ರಯೋಗದಲ್ಲಿ ನೀರು ಆವಿಯಾಗಿದ್ದೂ ಲೆಕ್ಕ ಕೆಡಿಸುತ್ತದೆ.

ಇನ್ನು ಬಿಸಿ. ಇದನ್ನು ಕಡೆಗಣಿಸಿದ ರಿಪೋರ್ಟ್‌ಗಳನ್ನು ನಾನು ಈಗ ಓದೋದೇ ಇಲ್ಲ. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ ಸುಮಾರು 1.00 ಮಿಲಿಪಾಸ್ಕಲ್-ಸೆಕೆಂಡ್, 25ರಲ್ಲಿ 0.89, 30ರಲ್ಲಿ 0.80. ಅಂದರೆ ಬೆಳಗ್ಗೆ 20 ಡಿಗ್ರಿ ಇದ್ದ ನೀರು ಮಧ್ಯಾಹ್ನ 30 ಆದರೆ, ಮೆಂಬ್ರೇನ್‌ಗೆ ಏನೂ ಆಗದೆ ಫ್ಲಕ್ಸ್ 25 ಪ್ರತಿಶತ ಏರುತ್ತದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಫೌಲಿಂಗ್ ನಡೆದು ಫ್ಲಕ್ಸ್ 20 ಪ್ರತಿಶತ ಇಳಿದಿದ್ದರೂ ಗ್ರಾಫ್ ಅಡ್ಡ ಗೆರೆ ತೋರಿಸಿ ಎಲ್ಲರನ್ನೂ ಖುಷಿಪಡಿಸುತ್ತದೆ!

ಹಾಗಾಗಿ ನಾವು ಫ್ಲಕ್ಸ್ ಬಿಟ್ಟು ರೆಸಿಸ್ಟೆನ್ಸ್‌ನಲ್ಲಿ, ಅಂದರೆ ನೀರಿನ ಹರಿವಿಗೆ ಒಡ್ಡುವ ತಡೆಯಲ್ಲಿ, ಮಾತಾಡೋಕೆ ಶುರು ಮಾಡಿದೆವು. ಹಳೇ ಡಾರ್ಸಿ ನಿಯಮವೇ, 1856ರಲ್ಲಿ ಮರಳಿನ ಮೂಲಕ ನೀರು ಹರಿಯೋದನ್ನು ಅಳೆದು ಕಂಡುಕೊಂಡಿದ್ದು. ಒತ್ತಡವನ್ನು ಸ್ನಿಗ್ಧತೆಯಿಂದಲೂ ಫ್ಲಕ್ಸ್‌ನಿಂದಲೂ ಭಾಗಿಸಿದರೆ ರೆಸಿಸ್ಟೆನ್ಸ್ ಬರುತ್ತದೆ. ಯೂನಿಟ್ ಸ್ವಲ್ಪ ವಿಚಿತ್ರ, ಮೀಟರ್‌ನ ವಿಲೋಮ, ಯುಎಫ್ ಮೆಂಬ್ರೇನ್‌ಗಳಲ್ಲಿ 10ರ 12ನೇ ಘಾತದ ಆಸುಪಾಸು. ಕೈಲೆಕ್ಕಕ್ಕೆ ಒಂದು ದಾರಿ: 1 ಬಾರ್, 20 ಡಿಗ್ರಿ ಇದ್ದರೆ 360ನ್ನು ಎಲ್‌ಎಂಎಚ್‌ನಿಂದ ಭಾಗಿಸಿ, ಬಂದದ್ದು 10ರ 12ನೇ ಘಾತದಲ್ಲಿ ರೆಸಿಸ್ಟೆನ್ಸ್. 200 ಎಲ್‌ಎಂಎಚ್ ಇದ್ದರೆ 1.8. ಅಷ್ಟೇ. ಇದರ ಸುಖ ಏನಂದರೆ ರೆಸಿಸ್ಟೆನ್ಸ್‌ಗಳನ್ನು ಕೂಡಬಹುದು, ಕಳೆಯಬಹುದು. ಮೆಂಬ್ರೇನ್‌ನದ್ದು ಇಷ್ಟು, ಮೇಲಿನ ಪದರದ್ದು ಇಷ್ಟು, ರಂಧ್ರದೊಳಗಿನದ್ದು ಇಷ್ಟು ಅಂತ ಬಿಡಿಸಬಹುದು. ಫ್ಲಕ್ಸ್‌ಗಳನ್ನು ಹಾಗೆ ಕೂಡಿ ಕಳೆಯೋಕೆ ಬರಲ್ಲ.

ಕ್ರಮ ಹೀಗಿಟ್ಟುಕೊಂಡೆವು. ಶುದ್ಧ ನೀರಿನ ಫ್ಲಕ್ಸ್ ಅಳೆಯೋದು. ಆಮೇಲೆ ಮರಳು ಫಿಲ್ಟರ್ ದಾಟಿದ ನೀರು ಹಾಕಿ, ಎರಡು ನೀರಿಗೂ ಒಂದೇ ಪ್ರಮಾಣ ಹಾಯಿಸೋದು. ಒಂದೇ ಸಮಯ ಅಲ್ಲ, ಒಂದೇ ಪ್ರಮಾಣ. ಬೇಗ ಕಟ್ಟಿಕೊಳ್ಳುವ ನೀರು ಒಂದು ಗಂಟೆಯಲ್ಲಿ ಕಡಿಮೆ ಹಾಯುತ್ತದೆ, ಕಡಿಮೆ ಕೊಳೆ ತರುತ್ತದೆ, ಸಮಯ ನೋಡಿ ಹೋಲಿಸಿದರೆ ಕೆಟ್ಟ ನೀರಿಗೆ ಪುಕ್ಕಟೆ ರಿಯಾಯಿತಿ ಕೊಟ್ಟ ಹಾಗೆ. ಅದಾದ ಮೇಲೆ ಮೇಲೆ ಉಳಿದ ಫೀಡ್, ಅಂದರೆ ಹಾಕಿದ ನೀರನ್ನು ಚೆಲ್ಲಿ, ಶುದ್ಧ ನೀರಿನಿಂದ ಮೇಲ್ಮೈ ತೊಳೆದು, ತುಂಡನ್ನು ಮಗುಚಿ ಹಿಂದಿನಿಂದ ಸ್ವಲ್ಪ ನೀರು ಹಾಯಿಸಿ, ಮತ್ತೆ ಶುದ್ಧ ನೀರಿನ ಫ್ಲಕ್ಸ್. ನಂತರ ಕಾಸ್ಟಿಕ್ ಸೋಡಾ ಜೊತೆ ಸ್ವಲ್ಪ ಹೈಪೋಕ್ಲೋರೈಟ್, ಅಂದರೆ ಬ್ಲೀಚ್‌ನಲ್ಲಿ (ಬಾಯಲ್ಲಿ ಹೈಪೋ) ನೆನೆಸಿ, ತೊಳೆದು, ಮತ್ತೆ ಫ್ಲಕ್ಸ್. ಕೊನೆಗೆ ಸಿಟ್ರಿಕ್ ಆಸಿಡ್, ಮತ್ತೆ ಫ್ಲಕ್ಸ್. ಹೈಪೋ ಮತ್ತು ಆಸಿಡ್ ಒಂದಕ್ಕೊಂದು ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮಧ್ಯೆ ಚೆನ್ನಾಗಿ ತೊಳೆಯೋದು ಫ್ಲಕ್ಸ್‌ಗಿಂತ ಮೊದಲು ನಮ್ಮ ಶ್ವಾಸಕೋಶಕ್ಕೆ ಬೇಕು. ಪ್ರತಿ ಹಂತದಲ್ಲೂ ನೀರಿನ ಬಿಸಿ ಬರೆದುಕೊಳ್ಳೋದು.

ಬಂದದ್ದನ್ನು ಲೆಕ್ಕ ಅರ್ಥವಾಗಲಿ ಅಂತ ದುಂಡಗೆ ಮಾಡಿ, ಎಲ್ಲ 1 ಬಾರ್ ಮತ್ತು 20 ಡಿಗ್ರಿಗೆ ತಂದು ಹೇಳುತ್ತೇನೆ. ಕೆಸರು ನೀರಲ್ಲಿ ಫ್ಲಕ್ಸ್ 200ರಿಂದ 60ಕ್ಕೆ ಬಿತ್ತು. ಪಾಚಿ ನೀರಲ್ಲಿ 200ರಿಂದ 90ಕ್ಕೆ. ಫ್ಲಕ್ಸ್ ಗ್ರಾಫ್ ನೋಡಿದವರೆಲ್ಲ "ನೋಡಿ, ಹೇಳಿರಲಿಲ್ವಾ" ಅಂದರು. ತೊಳೆದ ಮೇಲೆ ಕೆಸರಿನ ತುಂಡು 170ಕ್ಕೆ ಎದ್ದು ಬಂತು. ಪಾಚಿಯ ತುಂಡು 100ಕ್ಕೆ ಬಂದು ಅಲ್ಲೇ ನಿಂತಿತು.

ರೆಸಿಸ್ಟೆನ್ಸ್‌ನಲ್ಲಿ ಹೇಳಿದರೆ ಇನ್ನೂ ಸ್ಪಷ್ಟ. ಕೆಸರು: ಆರಂಭ 1.8, ಕೊನೆಗೆ 6.0, ಅಂದರೆ ಫೌಲಿಂಗ್‌ನಿಂದ ಬಂದದ್ದು 4.2. ತೊಳೆದ ಮೇಲೆ 2.1. ಫೌಲಿಂಗ್‌ನ 90 ಪ್ರತಿಶತಕ್ಕೂ ಜಾಸ್ತಿ ಬರೀ ನೀರಲ್ಲೇ ಹೋಯಿತು. ಪಾಚಿ: 1.8ರಿಂದ 4.0, ಅಂದರೆ 2.2. ತೊಳೆದ ಮೇಲೂ 3.6. ಹೋಗಿದ್ದು 0.4, ಐದನೇ ಒಂದು ಭಾಗವೂ ಇಲ್ಲ. ಅರ್ಧ ಗಾತ್ರದ ಫೌಲಿಂಗ್, ಆದರೆ ಅಂಟಿಕೊಂಡು ಕೂತದ್ದು. ಹೈಪೋ ಕಾಸ್ಟಿಕ್‌ನಲ್ಲಿ ಅದು 170 ಎಲ್‌ಎಂಎಚ್‌ವರೆಗೆ ಬಂತು, ಅಂದರೆ ಅದು ಸಾವಯವ. ಸಿಟ್ರಿಕ್ ಆಸಿಡ್‌ನಿಂದ ಹೆಚ್ಚೇನೂ ಬದಲಾಗಲಿಲ್ಲ, ಅಂದರೆ ಕಬ್ಬಿಣ, ಸುಣ್ಣದ ಪಾಲು ಕಡಿಮೆ. ಯಾವ ರಾಸಾಯನಿಕಕ್ಕೆ ಏನು ಬಿಟ್ಟುಬಂತು ಅನ್ನೋದೇ ಒಂದು ಬಗೆಯ ಪತ್ತೆದಾರಿ.

ಕಾರಣ ಅರ್ಥ ಮಾಡಿಕೊಳ್ಳೋದು ಕಷ್ಟವಲ್ಲ. ಜರಡಿಯ ಮೇಲೆ ಬಿದ್ದ ಮಣ್ಣನ್ನು ಒಮ್ಮೆ ಕೊಡವಿದರೆ ಹೋಗುತ್ತದೆ, ಜರಡಿಯ ಕಣ್ಣೊಳಗೆ ಸಿಕ್ಕಿಕೊಂಡಿದ್ದು ಹೋಗಲ್ಲ. ಕೆಸರಿನ ಕಣಗಳು ಯುಎಫ್ ರಂಧ್ರಕ್ಕಿಂತ ತುಂಬಾ ದೊಡ್ಡವು, ಮೇಲೆ ದಪ್ಪ ಪದರ ಕಟ್ಟುತ್ತವೆ. ಪಾಚಿ ಬಿಡುವ ಪಾಲಿಸ್ಯಾಕರೈಡ್, ಪ್ರೋಟೀನ್‌ಗಳು ರಂಧ್ರದ ಗಾತ್ರದ ಆಸುಪಾಸಿನವು, ಒಳಗೆ ಹೋಗಿ ಗೋಡೆಗೆ ಅಂಟುತ್ತವೆ. ನೀರಲ್ಲಿ ಕ್ಯಾಲ್ಸಿಯಂ ಇದ್ದರೆ ಇನ್ನೂ ಚೆಂದ, ಅದು ಈ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿ ಜೆಲ್ ಮಾಡುತ್ತದೆ. ನೀರಿನ ಕದಡು ಅಳೆಯುವ ಟರ್ಬಿಡಿಟಿ ಮೀಟರ್‌ಗೆ ಇದು ಯಾವುದೂ ಕಾಣಲ್ಲ.

ಇಲ್ಲಿ ಒಬ್ಬರು ಹರ್ಮಿಯಾ ಮಾದರಿಗಳನ್ನು ಹಾಕಿ ನೋಡಿ ಅಂದರು. ರಂಧ್ರಗಳು ಹೇಗೆ ಕಟ್ಟಿಕೊಳ್ಳುತ್ತವೆ ಅನ್ನೋದರ ಬಗ್ಗೆ 1982ರಲ್ಲಿ ಬಂದ ವಿಂಗಡಣೆ ಅದು. ರಂಧ್ರ ಪೂರ್ತಿ ಮುಚ್ಚೋದು, ಭಾಗಶಃ ಮುಚ್ಚೋದು, ಒಳಗಿನಿಂದ ಕಿರಿದಾಗೋದು, ಮೇಲೆ ಪದರ ಕಟ್ಟೋದು, ಹೀಗೆ ನಾಲ್ಕು ಬಗೆ, ಒಂದೊಂದಕ್ಕೂ ಒಂದು ಘಾತಾಂಕ: 2, 1, 1.5, 0. ಹಾಕಿ ನೋಡಿದೆವು. ಕೆಸರು ಚೆನ್ನಾಗಿ ಪದರದ ಗೆರೆಗೆ ಕೂತಿತು. ಪಾಚಿ ನೀರು ಮೊದಲು ಒಂದರ ಹಾಗೆ, ಆಮೇಲೆ ಇನ್ನೊಂದರ ಹಾಗೆ. ನಿಜವಾದ ನೀರು ಒಂದೇ ಮಾದರಿಗೆ ಕೂರೋದು ಅಪರೂಪ. ಜೊತೆಗೆ ಆ ಘಾತಾಂಕ ತೆಗೆಯಲು ಎರಡನೇ ಅವಕಲನ ಬೇಕು, ಮೇಲೆ ಹೇಳಿದ ಹನಿಗಳ ಗಲಾಟೆಯಲ್ಲಿ ಎರಡನೇ ಅವಕಲನ ತೆಗೆದರೆ ಬರೋದು ಕಸ. ಪೇಪರ್‌ಗಳಲ್ಲಿ ನಾಲ್ಕೂ ಮಾದರಿಗೆ 0.98, 0.99 ಅಂತ ಹೊಂದಾಣಿಕೆ ತೋರಿಸಿ ಒಂದನ್ನು ಗೆಲ್ಲಿಸುವುದನ್ನು ಕಂಡಾಗ ನನಗೆ ನಂಬಿಕೆ ಬರಲ್ಲ. ತೊಳೆದು ನೋಡಿದ ಅಂಕಿ ಅದಕ್ಕಿಂತ ನೇರವಾದ ಸಾಕ್ಷಿ.

ಸೆಲ್‌ನಲ್ಲಿ ಕಂಡದ್ದು ಪೈಲಟ್‌ನಲ್ಲೂ, ಅಂದರೆ ಪ್ಲಾಂಟ್‌ನ ಚಿಕ್ಕ ಮಾದರಿಯಲ್ಲೂ, ಕಾಣುತ್ತದಾ ಅನ್ನೋದು ಮುಂದಿನ ಪ್ರಶ್ನೆ. ಸೆಲ್‌ನಲ್ಲಿ ಒತ್ತಡ ಸ್ಥಿರ, ಫ್ಲಕ್ಸ್ ಬೀಳುತ್ತದೆ. ಪ್ಲಾಂಟ್‌ನಲ್ಲಿ ಸಾಮಾನ್ಯವಾಗಿ ಉಲ್ಟಾ, ಪಂಪ್ ಫ್ಲಕ್ಸ್ ಸ್ಥಿರ ಇಡುತ್ತದೆ, ಟಿಎಂಪಿ ಏರುತ್ತದೆ. ಟಿಎಂಪಿ ಅಂದರೆ ಮೆಂಬ್ರೇನ್‌ನ ಎರಡು ಕಡೆಯ ಒತ್ತಡದ ವ್ಯತ್ಯಾಸ. ಅರ್ಧ ಗಂಟೆಗೊಮ್ಮೆ ಬ್ಯಾಕ್‌ವಾಷ್, ಅಂದರೆ ಹಿಂದಿನಿಂದ ನೀರು ಹಾಯಿಸಿ ತೊಳೆಯೋದು. ಆಗ ಟಿಎಂಪಿ ಇಳಿಯುತ್ತದೆ, ಮತ್ತೆ ಏರುತ್ತದೆ. ಗ್ರಾಫ್ ಗರಗಸದ ಹಲ್ಲಿನ ಹಾಗೆ.

ಮೊದಲು ಗೇಜ್‌ಗಳ ಎತ್ತರ ನೋಡಿದೆವು. ಫೀಡ್ ಕಡೆಯ ಗೇಜ್ ನೆಲದ ಹತ್ತಿರ, ಪರ್ಮಿಯೇಟ್ ಕಡೆಯದ್ದು ತಲೆ ಎತ್ತರದಲ್ಲಿ. ಒಂದು ಮೀಟರ್ ನೀರಿನ ಎತ್ತರ ಅಂದರೆ 0.1 ಬಾರ್. ಟಿಎಂಪಿಯೇ 0.3 ಬಾರ್ ಇರುವ ಕಡೆ ಇದು ಸಣ್ಣ ವಿಷಯ ಅಲ್ಲ. ಪೈಪ್‌ನಲ್ಲಿ ಕಳೆದುಹೋಗುವ ಒತ್ತಡವೂ ಸೇರಿಕೊಂಡಿರುತ್ತದೆ. ಮೆಂಬ್ರೇನ್ ಶುದ್ಧವಾಗಿರುವಾಗ ಬೇರೆ ಬೇರೆ ಫ್ಲಕ್ಸ್‌ನಲ್ಲಿ ಟಿಎಂಪಿ ಅಳೆದು ಗೆರೆ ಎಳೆದರೆ, ಫ್ಲಕ್ಸ್ ಸೊನ್ನೆಯಲ್ಲಿ ಆ ಗೆರೆ ಸೊನ್ನೆಗೆ ಬರಬೇಕು. ಬರದಿದ್ದರೆ ಆ ವ್ಯತ್ಯಾಸವನ್ನು ಕಳೆದೇ ಮುಂದುವರಿಯಬೇಕು.

ಫ್ಲಕ್ಸ್ ಎಷ್ಟು ಇಡಬೇಕು ಅನ್ನೋದಕ್ಕೆ ಮೆಟ್ಟಿಲು ಪರೀಕ್ಷೆ ಮಾಡಿದೆವು. ಕಡಿಮೆ ಫ್ಲಕ್ಸ್‌ನಿಂದ ಶುರು ಮಾಡಿ, ಪ್ರತಿ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಂತು, ಟಿಎಂಪಿ ಅಡ್ಡಕ್ಕೆ ಇದೆಯಾ, ಏರುತ್ತಿದೆಯಾ ನೋಡೋದು. ಒಂದು ಮೆಟ್ಟಿಲಲ್ಲಿ ಅದು ನಿಲ್ಲದೆ ಏರೋಕೆ ಶುರುವಾಗುತ್ತದೆ. ಇದಕ್ಕೆ ಕ್ರಿಟಿಕಲ್ ಫ್ಲಕ್ಸ್ ಅನ್ನುತ್ತಾರೆ, ರಾಬರ್ಟ್ ಫೀಲ್ಡ್ ಮತ್ತು ಜೊತೆಯವರು 1995ರಲ್ಲಿ ಮುಂದಿಟ್ಟ ಕಲ್ಪನೆ. ಹತ್ತಿದ ಮೇಲೆ ಅದೇ ಮೆಟ್ಟಿಲುಗಳಲ್ಲಿ ಇಳಿದೂ ನೋಡಬೇಕು. ಕೆಸರು ನೀರಲ್ಲಿ ಇಳಿಯುವ ಗೆರೆ ಹತ್ತುವ ಗೆರೆಯ ಹತ್ತಿರವೇ ಬಂತು. ಪಾಚಿ ನೀರಲ್ಲಿ ಎರಡರ ನಡುವೆ ಅಗಲವಾದ ಬಿರುಕು, ಹತ್ತುವಾಗ ಅಂಟಿದ್ದು ಇಳಿಯುವಾಗ ಬಿಟ್ಟಿರಲಿಲ್ಲ. ಈ ಮೆಟ್ಟಿಲು ಪರೀಕ್ಷೆ ಕೆಲವೇ ಗಂಟೆಗಳದ್ದು, ಅದನ್ನೇ ನಂಬಿ ಕೂರಬಾರದು. ಕ್ರಿಟಿಕಲ್‌ಗಿಂತ ಕಡಿಮೆ ಫ್ಲಕ್ಸ್‌ನಲ್ಲೂ ನಿಧಾನವಾಗಿ ಕೊಳೆ ಕೂರುತ್ತಾ ಹೋಗಿ, ಒಂದು ದಿನ ಟಿಎಂಪಿ ಇದ್ದಕ್ಕಿದ್ದ ಹಾಗೆ ಜಿಗಿಯೋದು ಕೊಳಚೆ ನೀರು ಶುದ್ಧ ಮಾಡುವ ಮೆಂಬ್ರೇನ್ ಬಯೋರಿಯಾಕ್ಟರ್‌ಗಳಲ್ಲಿ ಮಾಮೂಲು.

ಪೈಲಟ್‌ನ ಗರಗಸದ ಗ್ರಾಫ್‌ನಲ್ಲಿ ಆಪರೇಟರ್‌ಗಳು ನೋಡುತ್ತಿದ್ದದ್ದು ಹಲ್ಲಿನ ತುದಿ, ಅತಿ ಹೆಚ್ಚು ಟಿಎಂಪಿ, ಯಾಕಂದರೆ ಅಲಾರಂ ಅಲ್ಲಿ ಹೊಡೆಯುತ್ತದೆ. ನಾವು ನೋಡಿದ್ದು ಹಲ್ಲಿನ ಬುಡ, ಪ್ರತಿ ಬ್ಯಾಕ್‌ವಾಷ್ ಆದ ಕೂಡಲೇ ಇರುವ ಟಿಎಂಪಿ. ಬುಡಗಳನ್ನೆಲ್ಲ ಸೇರಿಸಿ ಒಂದು ಗೆರೆ ಎಳೆದರೆ ಅದರ ಏರಿಕೆಯೇ ಬ್ಯಾಕ್‌ವಾಷ್‌ಗೆ ಬಗ್ಗದ ಫೌಲಿಂಗ್. ಬಿಸಿಗೆ ತಿದ್ದಿ, ಫ್ಲಕ್ಸ್‌ನಿಂದ ಭಾಗಿಸಿ ಎಳೆಯಬೇಕು, ಇಲ್ಲದಿದ್ದರೆ ಹಗಲು ರಾತ್ರಿಯ ಏರಿಳಿತವೇ ಅದರಲ್ಲಿ ಕಾಣುತ್ತದೆ. ಕೆಸರಿನ ಕಾಲದಲ್ಲಿ ಹಲ್ಲು ಎತ್ತರ, ಬುಡ ಹೆಚ್ಚು ಕಡಿಮೆ ಸಮ. ಪಾಚಿ ಕಾಲದಲ್ಲಿ ಹಲ್ಲು ಚಿಕ್ಕದು, ಬುಡ ಏರುತ್ತಲೇ ಇತ್ತು. ಸೆಲ್‌ನಲ್ಲಿ ಕಂಡದ್ದೇ.

ಇದರಿಂದ ನಿರ್ಧಾರವೂ ಬೇರೆ ಬೇರೆ ಆಯಿತು. ಕೆಸರಿನ ಕಾಲಕ್ಕೆ ಬ್ಯಾಕ್‌ವಾಷ್ ಬೇಗ ಬೇಗ ಕೊಟ್ಟರೆ ಸಾಕು, ರಾಸಾಯನಿಕ ಬೇಡ. ಪಾಚಿ ಕಾಲಕ್ಕೆ ಬ್ಯಾಕ್‌ವಾಷ್ ಎಷ್ಟು ಕೊಟ್ಟರೂ ನೀರು ದಂಡ, ಕಡಿಮೆ ಹೈಪೋ ಹಾಕಿದ ಬ್ಯಾಕ್‌ವಾಷ್ ಆಗಾಗ ಬೇಕು, ಮೊದಲೇ ಕೊಳೆಯನ್ನು ಗಂಟುಕಟ್ಟಿಸುವ ಕೋಯಾಗುಲೆಂಟ್ ಹಾಕಿ ಆ ಸಾವಯವವನ್ನು ಹಿಡಿಯೋದು ಇನ್ನೂ ಒಳ್ಳೆಯದು. ಹೈಪೋ ಯುಎಫ್‌ಗಷ್ಟೇ. ಮುಂದಿರುವ ಆರ್‌ಒ ಪಾಲಿಅಮೈಡ್, ಅದಕ್ಕೆ ಕ್ಲೋರಿನ್ ತಾಗಲೇಬಾರದು, ಅಲ್ಲಿಗೆ ಹೋಗುವ ಮೊದಲು ಅದನ್ನು ತೆಗೆಯಬೇಕು.

ಆರ್‌ಒ ಕಡೆಯ ಲೆಕ್ಕ ಬೇರೆ, ಅಲ್ಲಿ ಉಪ್ಪಿನಿಂದ ಬರುವ ಆಸ್ಮಾಟಿಕ್ ಒತ್ತಡವನ್ನೂ ಕಳೆಯಬೇಕು. ಪರ್ಮಿಯೇಟ್ ಹರಿವು, ಉಪ್ಪು ದಾಟುವ ಪ್ರಮಾಣ, ಫೀಡ್‌ನಿಂದ ಕಾನ್ಸಂಟ್ರೇಟ್‌ವರೆಗಿನ (ಮೆಂಬ್ರೇನ್ ದಾಟದೆ ಉಳಿದ ಉಪ್ಪು ನೀರು) ಒತ್ತಡ ನಷ್ಟ, ಮೂರನ್ನೂ ಒಂದೇ ಬಿಸಿ, ಒಂದೇ ಉಪ್ಪಿನ ಮಟ್ಟಕ್ಕೆ ತಂದು ನೋಡುತ್ತಾರೆ. ತಿದ್ದಿದ ಹರಿವು 10 ಪ್ರತಿಶತದಷ್ಟು ಇಳಿದರೆ ಅಥವಾ ಒತ್ತಡ ನಷ್ಟ 15 ಪ್ರತಿಶತದಷ್ಟು ಏರಿದರೆ ತೊಳೆಯುವ ಹೊತ್ತು ಅನ್ನೋದು ಸಾಮಾನ್ಯ ರೂಢಿ. ಮೊದಲ ಹಂತದಲ್ಲಿ ಒತ್ತಡ ನಷ್ಟ ಏರಿದರೆ ಕಣ ಅಥವಾ ಬಯೋಫಿಲ್ಮ್ ಅಂತ ಅನುಮಾನ, ಕೊನೆಯ ಹಂತದಲ್ಲಿ ಹರಿವು ಇಳಿದರೆ ಸ್ಕೇಲ್, ಅಂದರೆ ಗಟ್ಟಿಯಾಗಿ ಕಟ್ಟಿದ ಲವಣದ ಪದರ.

ಯುಎಫ್‌ಗೆ ವಾಪಸ್ ಬಂದರೆ, ಈ ತೊಳೆದು ಅಳೆಯುವ ವಿಧಾನದಲ್ಲಿ ಒಂದು ಎಚ್ಚರ ಬೇಕು. ಕೆಲವು ತುಂಡುಗಳು ಹೈಪೋದಲ್ಲಿ ಪದೇ ಪದೇ ನೆನೆಸಿದ ಮೇಲೆ ಹೊಸದಿದ್ದಾಗಿಗಿಂತ ಜಾಸ್ತಿ ಫ್ಲಕ್ಸ್ ಕೊಟ್ಟವು. 100 ಪ್ರತಿಶತಕ್ಕಿಂತ ಮೇಲೆ ರಿಕವರಿ! ಕೇಳೋಕೆ ಚೆನ್ನಾಗಿದೆ, ಆದರೆ ಇದು ಕೆಟ್ಟ ಸುದ್ದಿ. ಪಾಲಿಈಥರ್‌ಸಲ್ಫೋನ್ ಮೆಂಬ್ರೇನ್‌ಗಳಲ್ಲಿ ನೀರನ್ನು ಇಷ್ಟಪಡುವ ಹಾಗೆ ಮಾಡಲು ಪಿವಿಪಿ ಅನ್ನೋ ಪಾಲಿಮರ್ ಸೇರಿಸಿರುತ್ತಾರೆ. ಹೈಪೋ ಅದನ್ನು ತಿನ್ನುತ್ತದೆ, ರಂಧ್ರ ದೊಡ್ಡದಾಗುತ್ತದೆ, ಮೇಲ್ಮೈ ಕೊಳೆಗೆ ಇನ್ನಷ್ಟು ಅಂಟಾಗುತ್ತದೆ. ಮುಂದಿನ ಸಲ ಅದೇ ತುಂಡು ಬೇಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ಈಗ ಪ್ರತಿ ರಾಸಾಯನಿಕ ತೊಳೆತದ ಆಮೇಲೆ ಫ್ಲಕ್ಸ್ ಜೊತೆಗೆ ಗೊತ್ತಿರುವ ಗಾತ್ರದ ಡೆಕ್ಸ್‌ಟ್ರಾನ್ (ಸಕ್ಕರೆಯ ಉದ್ದ ಸರಪಳಿ) ದ್ರಾವಣ ಹಾಯಿಸಿ, ಎಷ್ಟು ತಡೆಯುತ್ತದೆ ಅಂತಲೂ ನೋಡುತ್ತೇವೆ. ಫ್ಲಕ್ಸ್ ವಾಪಸ್ ಬಂದು ತಡೆಯುವ ಶಕ್ತಿಯೂ ಹಾಗೇ ಇದ್ದರೆ ಮಾತ್ರ ಸ್ವಚ್ಛ ಅಂತ ಬರೆಯುತ್ತೇವೆ. ಫ್ಲಕ್ಸ್ ಮಾತ್ರ ಬಂದರೆ ಶೀಟ್‌ನಲ್ಲಿ ಆ ತುಂಡಿನ ಮುಂದೆ ಒಂದು ಕೆಂಪು ಗುರುತು, ಮುಂದಿನ ಹೋಲಿಕೆಗೆ ಅದನ್ನು ತೆಗೆದುಕೊಳ್ಳಲ್ಲ.